ಎಡದಿಂದ ಮೂರನೆಯ ಮಣೆ

ಮಾವ್‌ಸ್ನಿಯಾಂಗ್ ಊರಿನ ಬಿಲ್ಲು ಮೈದಾನದಲ್ಲಿ ಎಡದಿಂದ ಮೂರನೆಯ ಮಣೆ ಸ್ಟೋವೆಲ್‌ನದು. ನಲವತ್ತೊಂದು ವರ್ಷದಿಂದ ಅವನದೇ. ಊರಿನವರಿಗೆ ಅವನು ಬಾ ಸ್ಟೋವೆಲ್. ಬಾ ಅಂದರೆ ಅಣ್ಣ. ವಯಸ್ಸು ಅರವತ್ತೇಳಾದರೂ ಅಣ್ಣನೇ. ಈ ಗುಡ್ಡಗಳಲ್ಲಿ ಗಂಡಸು ಅಣ್ಣನಿಂದ ತಾತನಿಗೆ ಬಡ್ತಿ ಪಡೆಯಲು ಬಹಳ ಕಾಲ ಹಿಡಿಯುತ್ತದೆ.

ಭಾನುವಾರ ಬಿಟ್ಟರೆ ದಿನಾ ಸಂಜೆ ನಾಲ್ಕಕ್ಕೆ ಮೂವತ್ತು ಬಿಲ್ಲುಗಾರರು ಅರ್ಧಚಂದ್ರದ ಹಾಗೆ ಮಣೆ ಹಾಕಿಕೊಂಡು ಕೂತು ತಲಾ ಮೂವತ್ತು ಬಾಣ ಬಿಡುತ್ತಾರೆ. ಎದುರಿಗೆ ಜೊಂಡು ಸುತ್ತಿ ಬಿಗಿದ ಗುರಿಕಂಬ. ಬಾಣಗಳೆಲ್ಲ ಮುಗಿದ ಮೇಲೆ ಕಂಬಕ್ಕೆ ನೆಟ್ಟವನ್ನು ಮಾತ್ರ ಕಿತ್ತು, ಎಲ್ಲರ ಕಣ್ಣೆದುರು ಹತ್ತು ಹತ್ತಾಗಿ ಜೋಡಿಸಿ ಎಣಿಸುತ್ತಾರೆ. ಆರುನೂರ ನಲವತ್ತೇಳು ಬಂತೆನ್ನಿ, ಆ ದಿನದ ಸಂಖ್ಯೆ ನಲವತ್ತೇಳು. ಬೆಳಗಿನಿಂದ ಬಾಜಿ ಕಟ್ಟಿಸಿಕೊಳ್ಳುವ ಕಿಟಕಿಗಳ ಮುಂದೆ ನಿಂತು ನಲವತ್ತೇಳರ ಮೇಲೆ ಚೀಟಿ ಬರೆಸಿದವರು ಗೆದ್ದರು, ಉಳಿದವರು ಚೀಟಿ ಹರಿದು ಚಹಾ ಕುಡಿಯಲು ಹೋದರು. ಐದು ಗಂಟೆಗೆ ಇಪ್ಪತ್ತಿಪ್ಪತ್ತು ಬಾಣಗಳ ಇನ್ನೊಂದು ಸುತ್ತು. ಸರ್ಕಾರಕ್ಕೆ ಇದರಲ್ಲಿ ತೆರಿಗೆ ಉಂಟು; ಹಾಗಾಗಿ ಕಿಟಕಿಗೊಂದು ಪರವಾನಗಿ, ಎಣಿಕೆಗೊಬ್ಬ ಗುಮಾಸ್ತ, ಗುಮಾಸ್ತನಿಗೊಂದು ಮೊಹರು. ಬೇರೆ ಕಡೆ ಲಾಟರಿಗೆ ಯಂತ್ರ ಇರುತ್ತದಂತೆ. ಇಲ್ಲಿ ಮೂವತ್ತು ಗಂಡಸರೇ ಯಂತ್ರ.

ಆ ಯಂತ್ರದ ಮೂರನೆಯ ಬಿಡಿಭಾಗವಾದ ಸ್ಟೋವೆಲ್‌ನ ಮೂವತ್ತು ಬಾಣಗಳಲ್ಲಿ ಹನ್ನೊಂದು ನೆಡುತ್ತಿದ್ದವು. ಒಳ್ಳೆಯ ದಿನ ಹದಿಮೂರು. ಉಳಿದವು ಕಂಬದ ಆಚೆ, ಈಚೆ, ಮೇಲೆ, ಒಮ್ಮೊಮ್ಮೆ ಹಿಂದಿನ ಆಲೂಗಡ್ಡೆ ಹೊಲಕ್ಕೆ. ಇದಕ್ಕೆ ಯಾರೂ ಅವನನ್ನು ಒಂದು ಮಾತು ಅಂದವರಲ್ಲ. ಲಾಟರಿಗೆ ನೆಟ್ಟ ಬಾಣವೂ ಒಂದೇ, ತಪ್ಪಿದ ಬಾಣವೂ ಒಂದೇ. ಆದರೂ ಪ್ರತಿ ಬಾಣಕ್ಕೂ ಅವನು ಉಸಿರು ಹಿಡಿದು, ಹುಬ್ಬು ಗಂಟಿಕ್ಕಿ, ಮನಸ್ಸಿಟ್ಟು ಗುರಿ ಹಿಡಿಯುತ್ತಿದ್ದ. ತಪ್ಪಿದರೆ ಮೊದಲೆಲ್ಲ ಗಾಳಿಯನ್ನು ಬೈಯುತ್ತಿದ್ದ; ಈಚಿನ ಹತ್ತು ವರ್ಷ ಮಂಜುಗಟ್ಟಿದ ಕಣ್ಣನ್ನು ಬೈಯುತ್ತಿದ್ದ. ಬಾಣ ಹಾರುವುದು ಅವನಿಗೆ ಎಂದೂ ಕಂಡದ್ದಿಲ್ಲ. ಅಷ್ಟು ವೇಗದ ವಸ್ತು ಮನುಷ್ಯರ ಕಣ್ಣಿಗೆ ಕಾಣುವುದುಂಟೇ ಎಂದು ಅವನ ನಂಬಿಕೆ.

ಮಣೆ ಅವನಿಗೆ ಯಾಕೆ ಅಷ್ಟು ಬೇಕಿತ್ತೆಂದರೆ, ಲೋಕದಲ್ಲಿ ಅವನದು ಅಂತ ಇದ್ದದ್ದು ಅದೊಂದೇ. ಮನೆ ಹೆಂಡತಿ ಥ್ರಿನಾಳದು, ಅದಕ್ಕೂ ಮೊದಲು ಅವಳ ತಾಯಿಯದು, ಮುಂದೆ ಮಗಳು ಬಾನ್ರಿಗೆ ಹೋಗುವಂಥದು. ಮಕ್ಕಳ ಹೆಸರಿನ ಮುಂದೆ ಕುಲವೂ ತಾಯಿಯದೇ. ಹುಟ್ಟಿದ ಮನೆಗೆ ಹೋದರೆ ಅಲ್ಲಿ ತಂಗಿಯ ದರ್ಬಾರು. ಇದರ ಬಗ್ಗೆ ಅವನಿಗೆ ದೂರೇನೂ ಇರಲಿಲ್ಲ. ಊರಿನ ಗಂಡಸರೆಲ್ಲ ಹಾಗೇ ಬದುಕಿದವರು. ಆದರೆ ಸೋದರಮಾವ ತನ್ನ ಬಿದಿರು ಬಿಲ್ಲನ್ನು ಕೈಗೆ ಕೊಟ್ಟು, ಇನ್ನು ಮೇಲೆ ಇಲ್ಲಿ ನೀನು ಕೂತುಕೋ ಅಂದಿದ್ದ ಆ ಒಂದೂವರೆ ಅಡಿ ಮರದ ಮೇಲೆ ಕೂತಾಗ ಅವನಿಗೆ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಮೈದಾನದ ಬಲಗಡೆ, ಬಿಲ್ಲುಗಾರರ ಮುಖ ಕಾಣುವ ಹಾಗೆ, ಥ್ರಿನಾಳ ಚಹಾ ಅಂಗಡಿ; ಗಿರಾಕಿಗಳಿಗೆಲ್ಲ ಅವಳು ಕಾಂಗ್, ಅಂದರೆ ಅಕ್ಕ. ಅವಳು ಅಲ್ಲಿ ಒಲೆ ಮುಂದೆ, ಇವನು ಇಲ್ಲಿ ಮಣೆ ಮೇಲೆ. ನಲವತ್ತು ವರ್ಷದ ಸಂಸಾರದಲ್ಲಿ ಅರ್ಧಕ್ಕರ್ಧ ಹೀಗೇ ಕಳೆದಿತ್ತು.

ಇಂಥ ನೆಮ್ಮದಿಯ ಮಧ್ಯೆ ಫೆಬ್ರವರಿಯ ಒಂದು ಮಧ್ಯಾಹ್ನ ರಾಜಧಾನಿಯಿಂದ ಬಂದ ಬಾಡಿಗೆ ಸುಮೋದಿಂದ ಕೈಯಲ್ಲಿ ಕಡತ ಹಿಡಿದು ಇಳಿದವಳು ರಿದಾಹುನ್. ಮೂವತ್ತರ ಆಸುಪಾಸು, ಇಸ್ತ್ರಿ ಮುರಿಯದ ಜೈನ್ಸೆಮ್ ಉಡುಗೆ, ಸದಾ ಕೈಗೆ ಸಿಗುವ ಹಾಗೆ ಕಿವಿಯ ಹಿಂದೆ ಒಂದು ಪೆನ್ನು. ಜೂಜು ನಿಯಂತ್ರಣದ ಕಚೇರಿಗೆ ಹೊಸ ಅಧಿಕಾರಿ. ಆ ವರ್ಷ ಸರ್ಕಾರ ಕ್ಯಾಸಿನೊಗಳಿಗೂ ಪರವಾನಗಿ ಕೊಡುವ ಯೋಚನೆಯಲ್ಲಿತ್ತು. ಅದಕ್ಕಾಗಿ ಅವಳನ್ನು ಎಲ್ಲೋ ದೂರ ಮೂರು ತಿಂಗಳ ತರಬೇತಿಗೆ ಕಳಿಸಿ, ಅವಳು ವಾಪಸ್ಸು ಬರುವಷ್ಟರಲ್ಲಿ ಆ ಯೋಚನೆಯನ್ನೇ ಕೈಬಿಟ್ಟಿತ್ತು. ಕಲಿತದ್ದನ್ನು ಸುಮ್ಮನೆ ಹಾಳುಮಾಡುವ ಜಾತಿಯವಳಲ್ಲ ಅವಳು.

ಬಿಲ್ಲುಗಾರರ ಸಂಘದ ಕಾರ್ಯದರ್ಶಿ ಬಾ ಜೆಸ್ಪರ್ ಗಾಬರಿಯಲ್ಲಿ ಎರಡೂ ಕೈಯಿಂದ ಅಡಿಕೆ ಎಲೆ ಮುಂದೆ ಮಾಡಿದ. ಅವಳು ಅಡಿಕೆ ಬಾಯಿಗೆ ಹಾಕಿಕೊಂಡು, ಮೂವತ್ತೂ ಜನರನ್ನು ಕರೆಸಿ, ಶಾಂತವಾಗಿ ವಿಷಯ ಹೇಳಿದಳು. ಸರ್ಕಾರ ಈ ಆಟಕ್ಕೆ ಅನುಮತಿ ಕೊಟ್ಟಿರುವುದೇ ಇದು ಬಿಲ್ಲುಗಾರಿಕೆ, ಕೈಚಳಕದ ಕ್ರೀಡೆ ಎಂಬ ಆಧಾರದ ಮೇಲೆ. ಕೈಚಳಕದ ಕ್ರೀಡೆಯಾದರೆ ಆಡುವವರಿಗೆ ಕೈಚಳಕ ಇದೆ ಎನ್ನುವುದಕ್ಕೆ ಕಡತದಲ್ಲಿ ಒಂದು ಚೂರು ಕಾಗದವಾದರೂ ಬೇಡವೇ? ನಲವತ್ತು ವರ್ಷದ ಕಡತ ಹುಡುಕಿದಳಂತೆ, ಇಲ್ಲ. ಆದ್ದರಿಂದ ನಾಳೆ ಪರೀಕ್ಷೆ. ಮೂವತ್ತಕ್ಕೆ ಇಪ್ಪತ್ತೈದು ನೆಟ್ಟವರಿಗೆ ಮಾತ್ರ ಮಣೆ.

ಮಾರನೆಯ ದಿನದ ಪರೀಕ್ಷೆಯಲ್ಲಿ ಮೂವತ್ತು ಜನರಲ್ಲಿ ಒಬ್ಬನೂ ಪಾಸಾಗಲಿಲ್ಲ. ಸ್ಟೋವೆಲ್‌ನದು ಹನ್ನೊಂದು. ಅವನ ಕಡೆಯ ಬಾಣ ಹಾರಿದ ದಿಕ್ಕನ್ನು ರಿದಾಹುನ್ ಬಹಳ ಹೊತ್ತು ನೋಡಿದಳು.

“ಬಾ, ಗುರಿಕಂಬ ಎಲ್ಲಿದೆ ಅಂತ ನಿಮಗೆ ಕಾಣ್ತಿದೆಯಾ?”

“ಕಾಣುತ್ತೆ ಮೇಡಂ. ಸ್ವಲ್ಪ ಮಂಜು ಮಂಜು.”

“ಎಷ್ಟು ಕಂಬ ಕಾಣುತ್ತೆ?”

ಸ್ಟೋವೆಲ್ ಸುಳ್ಳು ಹೇಳುವವನಲ್ಲ. “ಒಂದೂವರೆ” ಅಂದ.

ಅವಳಿಗೆ ನಗು ಬಂತೋ ಕನಿಕರ ಬಂತೋ, ಅಂತೂ ಕಡತದಲ್ಲಿ ದೃಷ್ಟಿದೋಷ ಎಂದು ಬರೆದುಕೊಂಡು, ಎರಡು ತಿಂಗಳ ಗಡುವು ಕೊಟ್ಟಳು. ಕಣ್ಣು ಸರಿಮಾಡಿಸಿಕೊಂಡು ಬಂದರೆ ಇನ್ನೊಂದು ಪರೀಕ್ಷೆ. ಅಲ್ಲಿಯ ತನಕ ಆ ಮಣೆಯ ಮೇಲೆ ಬೇರೆಯವರು.

ಅಂದು ಸ್ಟೋವೆಲ್ ಬಿಲ್ಲನ್ನು ಅಂಗಡಿಯ ಮೂಲೆಗೆ ಒರಗಿಸಿ, ಕೊಟ್ಟ ಚಹಾ ಆರಿ ತಣ್ಣಗಾದರೂ ಮುಟ್ಟದೆ ಕೂತ. ಥ್ರಿನಾ ಎರಡು ಸಲ ಬಿಸಿ ಮಾಡಿ ಕೊಟ್ಟಳು. ಮೂರನೆಯ ಸಲ ತಾನೇ ಕುಡಿದಳು.

“ಬಾನ್ರಿ ಅಪ್ಪ, ಹತ್ತು ವರ್ಷದಿಂದ ಆಸ್ಪತ್ರೆಗೆ ಹೋಗು ಅಂತಿದ್ದೆ. ಹೆಂಡತಿ ಮಾತಿಗೆ ಹೋಗ್ಲಿಲ್ಲ, ಸರ್ಕಾರದ ಮಾತಿಗೆ ಹೋಗು.”

“ಕಣ್ಣಿಗೆ ಕತ್ತಿ ಹಾಕ್ತಾರಂತೆ ಕಣೇ.”

“ಹಾಕ್ಲಿ. ಮಣೆ ಬೇಕೋ ಬೇಡ್ವೋ?”

ಮಣೆ ಬೇಕಿತ್ತು. ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ಬಲಗಣ್ಣು, ಹದಿನೈದು ದಿನ ಬಿಟ್ಟು ಎಡಗಣ್ಣು ಆಯಿತು. ಕಟ್ಟು ಬಿಚ್ಚಿದಾಗ ಎದುರಿಗೆ ಥ್ರಿನಾ ನಿಂತಿದ್ದಳು. ಮೊದಲು ಏನು ಕಾಣುತ್ತಿದೆ ಎಂದು ಕೇಳಿದಳು. ನಿನ್ನ ಮುಖ ಎಂದ. ಹೇಗಿದೆ ಎಂದಳು. ಅವನು ಎಷ್ಟೋ ವರ್ಷದ ಮೇಲೆ ಅವಳನ್ನು ಗೆರೆ ಗೆರೆಯಾಗಿ ನೋಡುತ್ತಾ, ಬಹಳ ಪ್ರೀತಿಯಿಂದಲೇ, ವಯಸ್ಸಾಗಿಬಿಟ್ಟಿದೆಯಲ್ಲ ಎಂದ. ಊರಿಗೆ ವಾಪಸ್ಸು ಬರುವ ಮೂರು ಗಂಟೆಯ ದಾರಿಯಲ್ಲಿ ಅವಳು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು.

ಅಷ್ಟರಲ್ಲಿ ಊರಿನ ಕಥೆ ಬೇರೆಯೇ ಆಗಿತ್ತು. ರಿದಾಹುನ್ ಸುತ್ತಲ ಜಿಲ್ಲೆಗಳಿಂದ, ಕಾಲೇಜು ತಂಡಗಳಿಂದ, ಪದಕ ಗೆದ್ದ ಹುಡುಗರನ್ನು ಆರಿಸಿ ತಂದು ಮಣೆಗಳ ಮೇಲೆ ಕೂರಿಸಿದ್ದಳು. ಒಬ್ಬೊಬ್ಬನೂ ನೊಣದ ಮೂಗಿಗೆ ಗುರಿ ಇಡುವಂಥವನು. ಮೊದಲ ದಿನ ಒಂಬೈನೂರು ಬಾಣಗಳಲ್ಲಿ ಎಂಟುನೂರ ತೊಂಬತ್ತೆರಡು ನೆಟ್ಟವು. ಜನ ಚಪ್ಪಾಳೆ ತಟ್ಟಿದರು. ಎರಡನೆಯ ದಿನ ಎಂಟುನೂರ ತೊಂಬತ್ತೈದು. ಮೂರನೆಯ ದಿನ ತೊಂಬತ್ತರ ಮೇಲೆ ಒಂದು. ನಾಲ್ಕನೆಯ ದಿನ ಜನ ಚಪ್ಪಾಳೆ ನಿಲ್ಲಿಸಿ ಲೆಕ್ಕ ಹಾಕಲು ಶುರುಮಾಡಿದರು. ಆ ಹುಡುಗರು ಒಂಬೈನೂರಕ್ಕಿಂತ ಜಾಸ್ತಿ ನೆಡಲು ಸಾಧ್ಯವಿಲ್ಲ, ಎಂಟುನೂರ ಎಂಬತ್ತೈದಕ್ಕಿಂತ ಕಮ್ಮಿ ನೆಡುವ ಹಣೆಬರಹ ಅವರದಲ್ಲ. ನೂರು ಸಂಖ್ಯೆಗಳ ಲಾಟರಿ ಹೋಗಿ ಹದಿನಾರು ಸಂಖ್ಯೆಗಳ ಲಾಟರಿಯಾಯಿತು. ಎರಡನೆಯ ವಾರಕ್ಕೆ ಊರಿಗೆ ಊರೇ ಎಂಬತ್ತೈದರಿಂದ ಸೊನ್ನೆ ಸೊನ್ನೆಯವರೆಗೆ ಸಾಲಾಗಿ ಚೀಟಿ ಬರೆಸಿ, ಸಂಜೆ ಮದುವೆ ಮನೆಗೆ ಹೊರಟವರ ಹಾಗೆ ನಗುನಗುತ್ತಾ ಮೈದಾನಕ್ಕೆ ಬರತೊಡಗಿತು. ಕಿಟಕಿಗಳ ಒಡೆಯರು ತಲೆ ಮೇಲೆ ಕೈ ಹೊತ್ತು ಕೂತರು. ಮೂರನೆಯ ವಾರಕ್ಕೆ ಅರ್ಧ ಕಿಟಕಿಗಳು ತೆರೆಯಲೇ ಇಲ್ಲ.

ಇದನ್ನೆಲ್ಲ ಬಾ ಜೆಸ್ಪರ್ ಬಂದು ಕಪ್ಪು ಕನ್ನಡಕದ ಸ್ಟೋವೆಲ್‌ಗೆ ಹೇಳಿ ಹೋಗುತ್ತಿದ್ದ. ಸ್ಟೋವೆಲ್‌ಗೆ ನಗು ಬರುತ್ತಿರಲಿಲ್ಲ. ಎಡದಿಂದ ಮೂರನೆಯ ಮಣೆಯ ಹುಡುಗ ಹೇಗೆ ಬಿಡುತ್ತಾನೆ ಎಂದು ಮಾತ್ರ ಕೇಳುತ್ತಿದ್ದ. ಮೂವತ್ತಕ್ಕೆ ಮೂವತ್ತು ಎಂದರೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದ.

ಗಡುವಿಗೆ ಹತ್ತು ದಿನ ಇರುವಾಗ ರಿದಾಹುನ್ ಮತ್ತೆ ಬಂದಳು. ಕಿಟಕಿಯವರ ದೂರುಗಳ ಕಟ್ಟು ಅವಳ ಕಂಕುಳಲ್ಲಿತ್ತು. ಮೈದಾನದಲ್ಲಿ ಎಲ್ಲರೂ ಒಟ್ಟಿಗೆ ಬಾಯಿ ಮಾಡಿದ್ದರಿಂದ ತಲೆನೋವು ಹಿಡಿದು, ಥ್ರಿನಾಳ ಅಂಗಡಿಗೆ ಬಂದು ಬೆಂಚಿನ ಮೇಲೆ ಕುಸಿದಳು. ಥ್ರಿನಾ ಕೇಳದೆಯೇ ಕೆಂಪು ಚಹಾ ಇಟ್ಟು, ಬೆಲ್ಲ ಹಾಕಿ ಕರಿದ ಅಕ್ಕಿಯ ಪುಖ್ಲೈನ್ ಎರಡು ಕೊಟ್ಟಳು. ಪರದೆಯ ಹಿಂದೆ ಸ್ಟೋವೆಲ್ ಆಲೂಗಡ್ಡೆ ಸುಲಿಯುತ್ತಾ ಕೂತಿದ್ದ. ಸುಲಿಯುವುದನ್ನು ನಿಲ್ಲಿಸಿ ಕಿವಿ ಅರಳಿಸಿದ.

ರಿದಾಹುನ್ ತನ್ನದೇನೂ ತಪ್ಪಿಲ್ಲವೆಂದು ಥ್ರಿನಾಗೆ ವಿವರಿಸುತ್ತಿದ್ದಳು. ಕ್ಯಾಸಿನೊದಲ್ಲಿ ಒಂದೊಂದು ದಾಳವನ್ನೂ ತಕ್ಕಡಿಯಲ್ಲಿ ತೂಗುತ್ತಾರೆ, ಮೂಲೆ ಸವೆದಿದೆಯೇ ಎಂದು ಅಳೆಯುತ್ತಾರೆ, ತಿರುಗುವ ಚಕ್ರದ ಕೆಳಗೆ ಮಟ್ಟಗೋಲು ಇಡುತ್ತಾರೆ. ಆಟದ ಸಾಮಾನು ಚೊಕ್ಕಟವಾಗಿದ್ದರೆ ಆಟ ಚೊಕ್ಕಟ. ಇಲ್ಲಿ ಸಾಮಾನು ಅಂದರೆ ಬಿಲ್ಲುಗಾರರು. ತಾನು ಸಾಮಾನು ಪರೀಕ್ಷೆ ಮಾಡಿದ್ದೇ ತಪ್ಪೇ?

ಥ್ರಿನಾ ಒಲೆಯ ಮುಂದಿನಿಂದ ಎದ್ದು ಬಂದು ಅವಳ ಎದುರು ಕೂತಳು.

“ಮಗಳೇ, ಒಂದು ಕೇಳ್ತೀನಿ. ಆ ದಾಳ ಎಸೆದಾಗೆಲ್ಲ ಆರೇ ಬಿದ್ರೆ ಏನು ಮಾಡ್ತೀರಿ?”

“ಬಿಸಾಕ್ತೀವಿ ಕಾಂಗ್. ಅದು ಕಳ್ಳ ದಾಳ. ಏನು ಬೀಳುತ್ತೆ ಅಂತ ಯಾರಿಗೂ ಗೊತ್ತಾಗಬಾರದು. ಅದೇ ಒಳ್ಳೆ ದಾಳ.”

“ಸರಿ. ಮತ್ತೆ ನೀನು ತಂದು ಕೂರಿಸಿರೋ ಮೂವತ್ತು ಹುಡುಗ್ರು ಎಂಥ ದಾಳ?”

ಪರದೆಯ ಹಿಂದಿನ ಸ್ಟೋವೆಲ್‌ಗೆ ರಿದಾಹುನ್ ಅಗಿಯುವುದು ನಿಂತದ್ದು ಕೇಳಿಸಿತು. ಆಮೇಲೆ ಥ್ರಿನಾ ಇನ್ನಷ್ಟು ಮಾತಾಡಿದಳು. ಮೊದಲೆಲ್ಲ ಬೆಳಿಗ್ಗೆ ಆರಕ್ಕೇ ಹೆಂಗಸರು ಈ ಬೆಂಚಿಗೆ ಬಂದು ಕನಸು ಹೇಳಿಕೊಳ್ಳುತ್ತಿದ್ದರು. ಕನಸಲ್ಲಿ ಹೆಂಗಸು ಕಂಡರೆ ಐದು, ಗಂಡಸು ಕಂಡರೆ ಆರು, ಇಬ್ಬರೂ ಜಗಳ ಆಡುತ್ತಾ ಕಂಡರೆ ಯಾವುದು ಮುಂದೆ ಯಾವುದು ಹಿಂದೆ ಅಂತ ವಾದ ಮಾಡಿ ಮಾಡಿ ನಾಲ್ಕು ಲೋಟ ಚಹಾ ಖಾಲಿ ಮಾಡುತ್ತಿದ್ದರು. ಈಗ ಯಾರೂ ಕನಸು ಹೇಳುವುದಿಲ್ಲ. ಕಂಡರೂ ಉಪಯೋಗವಿಲ್ಲ. ಊರು ಗೆಲ್ಲುತ್ತಿದೆ, ಊರಿಗೆ ಬೇಜಾರು ಹಿಡಿದಿದೆ.

“ನಿನ್ನ ಹುಡುಗ್ರು ಚಿನ್ನದಂಥವರು. ಆದ್ರೆ ಈ ಆಟಕ್ಕೆ ನನ್ನ ಗಂಡನಂಥವರು ಬೇಕು. ಅವನ ಬಾಣ ಎಲ್ಲಿ ಹೋಗುತ್ತೆ ಅಂತ ಅವನಿಗೇ ಗೊತ್ತಿಲ್ಲ. ಅದಕ್ಕಿಂತ ಪ್ರಾಮಾಣಿಕ ದಾಳ ನಿಮ್ಮ ಕ್ಯಾಸಿನೊದಲ್ಲಿ ಸಿಗುತ್ತಾ?”

ಸ್ಟೋವೆಲ್‌ಗೆ ಏಕಕಾಲಕ್ಕೆ ಹೆಮ್ಮೆಯೂ ಆಯಿತು, ಅವಮಾನವೂ ಆಯಿತು. ಎರಡರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕೆಂದು ತಿಳಿಯದೆ ಸುಲಿದ ಆಲೂಗಡ್ಡೆಯನ್ನೇ ಇನ್ನೊಮ್ಮೆ ಸುಲಿದ.

ರಿದಾಹುನ್ ಸೊಕ್ಕಿನವಳಾಗಿದ್ದರೆ ಅಲ್ಲಿಂದ ಎದ್ದು ಹೋಗುತ್ತಿದ್ದಳು. ಅವಳು ಕಿವಿ ಹಿಂದಿನ ಪೆನ್ನು ತೆಗೆದು, ದೂರಿನ ಕಾಗದದ ಬೆನ್ನಿಗೇ ಅಲ್ಲೇ ಕೂತು ಬರೆಯತೊಡಗಿದಳು. ವಾರ ತುಂಬುವುದರೊಳಗೆ ಮೊಹರು ಹಾಕಿದ ಹೊಸ ಆದೇಶ ಬಂತು. ಪದಕದ ಹುಡುಗರು ಸಂತೋಷದಿಂದ ವಾಪಸ್ಸು. ಹಳಬರಿಗೆ ಹಳೆಯ ಮಣೆ. ಆದರೆ ಎರಡು ಷರತ್ತು. ಮೂವತ್ತರಲ್ಲಿ ಇಪ್ಪತ್ತೈದಕ್ಕಿಂತ ಜಾಸ್ತಿ ನೆಡುವವರಿಗೆ ಮಣೆಯಿಲ್ಲ. ಬೇಕೆಂತಲೇ ತಪ್ಪಿಸುವವರಿಗೆ ಜನ್ಮದಲ್ಲಿ ಮಣೆಯಿಲ್ಲ.

ಬಾ ಜೆಸ್ಪರ್ ಆದೇಶ ಹಿಡಿದು ಓಡಿ ಬಂದು, ಸ್ಟೋವೆಲ್‌ನನ್ನು ತಬ್ಬಿಕೊಂಡು, ಆಮೇಲೆ ಅವನ ಮುಖ ನೋಡಿ ಪೆಚ್ಚಾದ. ಸ್ಟೋವೆಲ್ ಕಪ್ಪು ಕನ್ನಡಕ ತೆಗೆದಿದ್ದ. ಮೈದಾನದಾಚೆಯ ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತಿದ್ದ.

“ಅಯ್ಯೋ ಬಾ, ನಿಮ್ಮ ಕಣ್ಣಿನ ವಿಷಯ ಮರೆತೇಬಿಟ್ಟಿದ್ದೆ! ಎರಡೂ ಮಾಡಿಸ್ಕೊಂಡುಬಿಟ್ರಾ?”

“ಎರಡೂ.”

“ಒಂದಾದ್ರೂ ಉಳಿಸ್ಕೊಬಾರದಿತ್ತಾ?”

ಕಣ್ಣು ಹೋದರೆ ಮಣೆ ಹೋಗುತ್ತದೆ ಎಂದು ಕಣ್ಣು ಮಾಡಿಸಿಕೊಂಡವನಿಗೆ ಈಗ ಕಣ್ಣು ಬಂದದ್ದರಿಂದ ಮಣೆ ಹೋಗುವ ಸ್ಥಿತಿ. ಈಗ ಅವನಿಗೆ ಒಂದೂವರೆ ಕಂಬವಲ್ಲ, ಒಂದೇ ಕಂಬ, ಅದರ ಜೊಂಡಿನ ಎಳೆ ಎಳೆ, ಎಳೆಯ ಮೇಲೆ ಕೂತ ನೊಣ, ಎಲ್ಲವೂ ಕಾಣುತ್ತಿತ್ತು. ಊರಿನವರು ತಲೆಗೊಂದು ಉಪಾಯ ಹೇಳಿದರು. ಹಳೆಯ ಸೋಡಾಗಾಜಿನ ಕನ್ನಡಕ ಹಾಕಿಕೋ ಅಂದರು. ಮಧ್ಯಾಹ್ನವೇ ಎರಡು ಗುಟುಕು ಅಕ್ಕಿಯ ಹೆಂಡ ಹಾಕಿ ಹೋಗು ಅಂದರು. ಬಾ ಜೆಸ್ಪರ್ ಧ್ವನಿ ಇಳಿಸಿ, ಕೊನೆಯ ಹತ್ತು ಬಾಣ ಒಂಚೂರು ಎತ್ತಿ ಬಿಟ್ಟರೆ ದೇವರಾಣೆ ಯಾರಿಗೂ ಗೊತ್ತಾಗುವುದಿಲ್ಲ ಎಂದ.

ಸ್ಟೋವೆಲ್‌ಗೆ ಸಿಟ್ಟು ಬರುವುದು ಅಪರೂಪ. ಅಂದು ಬಂತು. “ಜೆಸ್ಪರ್, ನಲವತ್ತೊಂದು ವರ್ಷದಲ್ಲಿ ತಪ್ಪಲಿ ಅಂತ ನಾನು ಒಂದು ಬಾಣ ಬಿಟ್ಟಿಲ್ಲ. ಮಣೆ ಹೋದ್ರೆ ಹೋಗ್ಲಿ. ಬಿಟ್ರೆ ನೆಡಲಿ ಅಂತಲೇ ಬಿಡ್ತೀನಿ.”

ಮಣೆ ಹೋದರೆ ಹೋಗಲಿ ಎಂದು ಬಾಯಲ್ಲಿ ಹೇಳಿದ್ದೇನೋ ಹೌದು. ಆ ವಾರವೆಲ್ಲ ಅವನಿಗೆ ಊಟ ಸೇರಲಿಲ್ಲ. ಥ್ರಿನಾ ಮಾಂಸದ ಜಾದೋ ಬಡಿಸಿದರೆ ಅನ್ನವನ್ನು ತಟ್ಟೆಯ ಆ ಕಡೆಯಿಂದ ಈ ಕಡೆಗೆ ತಳ್ಳುತ್ತಿದ್ದ. ಅವಳು ಮಾತ್ರ ಏನೂ ಆಗದವಳ ಹಾಗೆ ಹಾಡು ಗುನುಗುತ್ತಾ ಒಲೆ ಊದುತ್ತಿದ್ದಳು. ಗಂಡನ ಮಣೆ ಹೋಗುತ್ತಿರುವಾಗ ಹಾಡು ಹೇಳುವ ಹೆಂಡತಿಯನ್ನು ಅವನು ಹೊಸ ಕಣ್ಣಿನಿಂದ ದುರುಗುಟ್ಟಿ ನೋಡುತ್ತಿದ್ದ. ಅವಳು ಅದಕ್ಕೂ ನಗುತ್ತಿದ್ದಳು.

ಆ ಸೋಮವಾರ ಮೈದಾನ ತುಂಬಿ ಹೋಗಿತ್ತು. ಎರಡು ತಿಂಗಳ ಮೇಲೆ ಹಳಬರೆಲ್ಲ ಒಟ್ಟಿಗೆ ಮಣೆ ಏರುವ ದಿನ. ಬೆಳಿಗ್ಗೆಯೇ ಥ್ರಿನಾಳ ಬೆಂಚಿನ ಮೇಲೆ ಹೆಂಗಸರು ಕನಸುಗಳ ಮೂಟೆ ಬಿಚ್ಚಿದ್ದರು. ಕಿಟಕಿಗಳೆಲ್ಲ ತೆರೆದಿದ್ದವು. ರಿದಾಹುನ್ ತಾನೇ ಬಂದು, ಕಣ್ಣು ಮಾಡಿಸಿಕೊಂಡ ಒಬ್ಬನೇ ಬಿಲ್ಲುಗಾರನಾದ ಸ್ಟೋವೆಲ್‌ನ ಮೂವತ್ತು ಬಾಣಗಳಿಗೂ ಕೆಂಪು ದಾರ ಕಟ್ಟಿದಳು. ಕಟ್ಟುವಾಗ, ಬೇಜಾರು ಮಾಡಿಕೊಳ್ಳಬೇಡಿ ಬಾ, ನಿಯಮ ನಿಯಮವೇ ಎಂದು ಮೆಲ್ಲಗೆ ಹೇಳಿದಳು.

ಸ್ಟೋವೆಲ್ ಮಣೆಯ ಮೇಲೆ ಕೂತ. ಬೆನ್ನು ನೆಟ್ಟಗಾಯಿತು. ಇದೇ ಕೊನೆಯ ಸಲವಾದರೆ ಚೆನ್ನಾಗಿ ನೋಡಿಕೊಳ್ಳೋಣ ಎಂದು ಸುತ್ತ ಕಣ್ಣು ಹಾಯಿಸಿದ. ಮಣೆಯ ಅಂಚಿನಲ್ಲಿ ಸೋದರಮಾವ ಚಾಕುವಿನಿಂದ ಕೆತ್ತಿದ್ದ ಮೀನು, ಹತ್ತು ವರ್ಷದಿಂದ ಕೈಗೆ ಮಾತ್ರ ತಿಳಿಯುತ್ತಿದ್ದದ್ದು, ಈಗ ರೆಕ್ಕೆ ಸಮೇತ ಕಂಡಿತು. ಸೀಟಿ ಊದಿದರು.

ಮೊದಲ ಬಾಣ ಹೂಡಿದ. ಕಂಬದ ನಡುಮಧ್ಯೆ ಒಂದು ಕಂದು ಜೊಂಡನ್ನು ಆರಿಸಿಕೊಂಡ. ಉಸಿರು ಹಿಡಿದ. ನೆಡಲಿ ಎಂದು ಮನಸಾರೆ ಅಂದುಕೊಂಡು ಬಿಟ್ಟ. ಎರಡನೆಯದು, ಮೂರನೆಯದು, ಹತ್ತನೆಯದು. ಎಲ್ಲರ ಬಾಣಗಳೂ ಒಟ್ಟಿಗೆ ಹೋಗಿ ಬೀಳುವಾಗ ಯಾರದ್ದು ಯಾವುದೆಂದು ತಿಳಿಯುವುದಿಲ್ಲ. ಮೂವತ್ತನ್ನೂ ಅವನು ಒಂದೇ ಶ್ರದ್ಧೆಯಿಂದ ಬಿಟ್ಟ. ಮುಗಿದಾಗ ತೋಳು ಸೋತು, ಬಿಲ್ಲನ್ನು ತೊಡೆಯ ಮೇಲೆ ಮಲಗಿಸಿ, ಇನ್ನು ಮಣೆ ಬಿಟ್ಟು ಏಳುವುದು ಹೇಗೆಂದು ಯೋಚಿಸುತ್ತಾ ಕೂತ.

ಎಣಿಕೆ ನಡೆಯಿತು. ಐನೂರ ಎಪ್ಪತ್ತಮೂರು. ಎಪ್ಪತ್ತಮೂರು ಎಂದೊಡನೆ ಗುಂಪಿನಲ್ಲಿ ಎಲ್ಲೋ ಒಬ್ಬ ಮುದುಕಿ, ರಾತ್ರಿ ಕನಸಲ್ಲಿ ಹೇಳಿದ್ದೇ ಇದು ಎಂದು ಕುಣಿದಳು. ಉಳಿದ ಊರು ಖುಷಿಯಿಂದ ಚೀಟಿ ಹರಿಯಿತು. ರಿದಾಹುನ್ ನೆಟ್ಟ ಬಾಣಗಳಿಂದ ಕೆಂಪು ದಾರದವನ್ನು ಬೇರೆ ಮಾಡುತ್ತಿದ್ದಳು. ಒಂದು ಸಲ ಮಾಡಿ, ನಂಬಿಕೆ ಬರದೆ ಇನ್ನೊಂದು ಸಲ ಮಾಡಿದಳು. ಆಮೇಲೆ ಕಡತದಲ್ಲಿ ಬರೆದು, ಗಟ್ಟಿಯಾಗಿ ಓದಿದಳು. ಬಾ ಸ್ಟೋವೆಲ್, ಹನ್ನೊಂದು.

ಬಾ ಜೆಸ್ಪರ್ ಟೋಪಿ ಎಸೆದ. ಪಕ್ಕದ ಮಣೆಯವರು ಅವನ ಬೆನ್ನು ತಟ್ಟಿದರು. ಸ್ಟೋವೆಲ್ ಮಾತ್ರ ಕೆಂಪು ದಾರದ ಹನ್ನೊಂದು ಬಾಣಗಳನ್ನೂ ಆಲೂಗಡ್ಡೆ ಹೊಲದಿಂದ ಆರಿಸಿ ತರುತ್ತಿದ್ದ ಹತ್ತೊಂಬತ್ತನ್ನೂ ನೋಡುತ್ತಾ ಕಂಬದ ಹಾಗೆ ನಿಂತುಬಿಟ್ಟ. ಮಣೆ ಉಳಿಯಿತು ಎಂಬ ಸಂತೋಷ ಒಳಗೆ ಬರಲು ಬಾಗಿಲಲ್ಲೇ ಕಾಯುತ್ತಿತ್ತು. ಅವನು ಒಳಗೆ ಬಿಡಲಾರದೆ ಹೋದ. ನೇರವಾಗಿ ಥ್ರಿನಾಳ ಅಂಗಡಿಗೆ ನಡೆದ.

“ಎಳೆ ಎಳೆ ಕಾಣ್ತಿತ್ತು ಕಣೇ. ನೊಣ ಕೂಡ ಕಾಣ್ತಿತ್ತು. ನೆಡಲಿ ಅಂತಲೇ ಬಿಟ್ಟೆ. ಹೇಗೆ ತಪ್ಪಿತು?”

ಥ್ರಿನಾ ಅವನ ಕೈಗೆ ಚಹಾ ಕೊಟ್ಟು, ತಾನೂ ಒಂದು ಲೋಟ ಹಿಡಿದು ಪಕ್ಕದಲ್ಲಿ ಕೂತಳು. ಹೇಳಲೋ ಬೇಡವೋ ಎಂದು ಒಂದು ಗುಟುಕಿನಷ್ಟು ಹೊತ್ತು ಯೋಚಿಸಿದಳು.

“ಕಂಡದ್ದು ಹೂಡುವಾಗ. ಬಿಡುವಾಗ ನೀನು ಕಣ್ಣು ಮುಚ್ಚಿಕೊಳ್ತೀಯ.”

“ಯಾರು?”

“ನೀನೇ. ಎರಡೂ ಕಣ್ಣು, ಗಟ್ಟಿಯಾಗಿ, ಕಹಿ ಔಷಧಿ ಕುಡಿಯೋ ಮಗು ಥರ. ನಲವತ್ತೊಂದು ವರ್ಷದಿಂದ. ಪಕ್ಕದಲ್ಲಿ ಕೂತವರು ಅವರವರ ಬಾಣ ನೋಡ್ತಾರೆ. ಈ ಕಡೆಯಿಂದ ನಿನ್ನ ಮುಖ ನೋಡೋಳು ನಾನೊಬ್ಬಳೇ.”

ಬಾಣ ಹಾರುವುದು ತನಗೆ ಎಂದೂ ಕಾಣದೆ ಇದ್ದದ್ದು ಯಾಕೆಂದು ಈಗ ಹೊಳೆಯಿತು. ಆಸ್ಪತ್ರೆ, ಕಟ್ಟು, ಕಪ್ಪು ಕನ್ನಡಕ, ಊಟ ಸೇರದ ವಾರ, ಎಲ್ಲ ಒಂದೊಂದಾಗಿ ನೆನಪಾಗಿ ಮುಖ ಕೆಂಪಾಯಿತು. ಗೊತ್ತಿದ್ದೂ ಹಾಡು ಗುನುಗುತ್ತಿದ್ದಳಲ್ಲ!

“ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?”

“ಮೊದಲ ಸಲ ಇಲ್ಲಿ ಅಮ್ಮನ ಜೊತೆ ಚಹಾ ಮಾರೋಕೆ ಬಂದಾಗ ನೋಡಿದ್ದು ಅದನ್ನೇ. ಇಷ್ಟು ದೊಡ್ಡ ಗಂಡಸು, ಕಣ್ಣು ಮುಚ್ಚಿ ಬಾಣ ಬಿಟ್ಟು, ಆಮೇಲೆ ಕಣ್ಣು ಬಿಟ್ಟು ಎಲ್ಲಿ ಹೋಯ್ತು ಅಂತ ಹುಡುಕ್ತಿದ್ದ. ಮದುವೆಯಾದ್ರೆ ಇವನನ್ನೇ ಅಂತ ಅಮ್ಮನಿಗೆ ಹೇಳಿದೆ. ನಿನಗೆ ಹೇಳಿದ್ರೆ ಸರಿಮಾಡ್ಕೊಂಡುಬಿಡ್ತಿದ್ದೆ. ಸರಿಮಾಡ್ಕೊಂಡ ಮುಖ ನನಗೆ ಬೇಕಿರಲಿಲ್ಲ.”

ಅವನು ಚಹಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲ ನೋಡುತ್ತಾ ಕೂತ. ಯಾರೂ ನೋಡುತ್ತಿಲ್ಲವೆಂದು ತಿಳಿದು ನಲವತ್ತೊಂದು ವರ್ಷ ಕೂತಿದ್ದ ಮಣೆಯನ್ನು ಒಬ್ಬಳು ದಿನಾ ನೋಡಿದ್ದಳು. ಕಾಯುತ್ತಿದ್ದ ಸಂತೋಷ ಆಗ ಒಳಗೆ ಬಂತು. ಬಂದು ಎಷ್ಟೋ ಹೊತ್ತಾದ ಮೇಲೆ ಅವನಿಗೆ ಷರತ್ತು ನೆನಪಾಯಿತು.

“ಈಗ ಗೊತ್ತಾಗಿಬಿಡ್ತಲ್ಲೇ! ಗೊತ್ತಿದ್ದೂ ಕಣ್ಣು ಮುಚ್ಚಿದ್ರೆ ಬೇಕಂತಲೇ ತಪ್ಪಿಸಿದ ಹಾಗೆ ಆಗುತ್ತೆ.”

“ಹಾಗಾದ್ರೆ ತೆರೆದುಕೊಂಡೇ ಬಿಡು. ಮುಚ್ಚು ಅಂದೋರು ಯಾರು?”

“ಕಣ್ಣು ತೆರೆದು ನೆಡ್ತಾ ಹೋದ್ರೆ ನಾಳೆ ಮಣೆ ಹೋಗುತ್ತೆ.”

“ಹೋದ್ರೆ ಹೋಗ್ಲಿ ಅಂತ ಜೆಸ್ಪರ್ ಹತ್ರ ಹೇಳಿದ್ದೆಯಂತಲ್ಲ. ಹೋಗು, ಎರಡನೇ ಸೀಟಿ ಆಗುತ್ತೆ.”

ಅವನು ಹೋದ. ಮಣೆಯ ಮೇಲೆ ಕೂತು, ಇಪ್ಪತ್ತು ಬಾಣಗಳನ್ನು ಪಕ್ಕದಲ್ಲಿ ಜೋಡಿಸಿಕೊಂಡು, ಮೀನಿನ ಮೇಲೆ ಒಂದು ಸಲ ಬೆರಳಾಡಿಸಿದ. ಮೋಸ ಮಾಡುವವನಲ್ಲ ಅವನು. ತೆರೆದ ಕಣ್ಣಿನಿಂದಲೇ ಬಿಡಬೇಕೆಂದು ನಿಶ್ಚಯಿಸಿದ. ಸೀಟಿ ಊದಿದರು. ಬಾಣ ಹೂಡಿ, ಗೂಬೆಯ ಹಾಗೆ ಕಣ್ಣು ಅಗಲ ಮಾಡಿ, ಹುಬ್ಬುಗಳನ್ನು ಹಣೆಯ ತುದಿಗೆ ಏರಿಸಿ, ಮುಚ್ಚಬೇಡ ಮುಚ್ಚಬೇಡ ಎಂದು ಹಲ್ಲು ಕಚ್ಚಿ ಹೇಳಿಕೊಳ್ಳುತ್ತಾ ಹೆದೆ ಎಳೆದ. ಕಂದು ಜೊಂಡು ಕಂಡಿತು. ನೊಣ ಕಂಡಿತು. ಬಿಟ್ಟ.

ಕಣ್ಣು ತೆರೆದಾಗ ಬಾಣ ಆಲೂಗಡ್ಡೆ ಹೊಲದಲ್ಲಿತ್ತು, ಅಂಗಡಿಯ ಬಾಗಿಲಲ್ಲಿ ಥ್ರಿನಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಷ್ಟು ದೂರದಿಂದ ಅವಳು ನಗುವುದು ಇಷ್ಟು ಚೆನ್ನಾಗಿ ಕಂಡದ್ದು ಎಷ್ಟೋ ವರ್ಷಗಳ ಮೇಲೆ. ಸ್ಟೋವೆಲ್ ಎರಡನೆಯ ಬಾಣ ಹೂಡಿದ. ಇನ್ನೂ ಹತ್ತೊಂಬತ್ತು ಇದ್ದವು.